ಜಕರೀಯನ ಹಲಿಗೆಯೂ ಮಾತಾಡುವ ಯಂತ್ರವೂ

ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ಅರಿಯದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳ. ನಾಲಿಗೆ ಕಟ್ಟಿದ್ದ ಜಕರೀಯನ ಕೂಸಿಗೆ ನಂಟರು ತಂದೆಯ ಹೆಸರನ್ನೇ ಇಡತೊಡಗಿದರು. ಎಲಿಸಬೇತಳು ಒಪ್ಪಲಿಲ್ಲ. ಕಡೆಗೆ ತಂದೆಯನ್ನು ಸನ್ನೆಯಿಂದ ಕೇಳಲು, ಅವನು ಹಲಿಗೆಯನ್ನು ತರಿಸಿ ಯೋಹಾನನೆಂದು ಬರೆದನು. ನಂಟರ ಊಹೆಯು ವಾಡಿಕೆಗೆ ತಕ್ಕದ್ದಾಗಿತ್ತು; ಆದರೂ ಅದು ತಂದೆಯ ಮಾತಾಗಿರಲಿಲ್ಲ. ಮಾತು ನಿಂತವರಿಗೆ ನೆರವಾಗುವ ಈಗಿನ ಬುದ್ಧಿಯಂತ್ರಗಳನ್ನು ಕುರಿತು ವಿಚಾರಿಸುವಾಗ ಈ ಭೇದವನ್ನು ನಾವು ಮನಸ್ಸಿನಲ್ಲಿಡತಕ್ಕದ್ದು.

ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿಜ್ಞಾನಿ ಸ್ಟೀಫನ್ ಹಾಕಿಂಗರ (1942–2018) ಜೀವನವು ಇದಕ್ಕೆ ಉತ್ತಮ ದೃಷ್ಟಾಂತ. ಸ್ನಾಯುಗಳ ಬಲವನ್ನು ಕ್ರಮೇಣ ಕುಂದಿಸುವ ನರರೋಗವು ಅವರಿಗಿರುವುದು 1963ರಲ್ಲಿ ತಿಳಿದುಬಂತು. 1985ರಲ್ಲಿ ನ್ಯುಮೋನಿಯದಿಂದ ಪ್ರಾಣಾಪಾಯವೊದಗಿ, ಕಂಠದಲ್ಲಿ ಮಾಡಿದ ಶಸ್ತ್ರಚಿಕಿತ್ಸೆಯಿಂದ ಪ್ರಾಣವುಳಿಯಿತು, ಮಾತು ಹೋಯಿತು. ಬಳಿಕ ಮತ್ತೊಬ್ಬರು ಅಕ್ಷರಗಳ ಫಲಕವನ್ನು ಹಿಡಿದು ಒಂದೊಂದನ್ನೇ ತೋರಿಸುವರು. ಬೇಕಾದ ಅಕ್ಷರ ಬಂದಾಗ ಅವರು ಹುಬ್ಬನ್ನೆತ್ತುವರು.

ಅಮೇರಿಕದ ವಾಲ್ಟರ್ ವೋಲ್ಟೋಸ್ ಎಂಬವರು ಇದೇ ರೋಗದಿಂದ ನರಳುತ್ತಿದ್ದ ತಮ್ಮ ಅತ್ತೆಗಾಗಿ ಗಣಕಯಂತ್ರದ ಒಂದು ಕ್ರಮವನ್ನು ರಚಿಸಿದ್ದರು. ಅದನ್ನೇ ಹಾಕಿಂಗರಿಗೂ ಕಳುಹಿಸಿದರು. ಪರದೆಯ ಮೇಲೆ ಗುರುತು ಸರಿಯುತ್ತಿರುವಾಗ ಕೈಯಲ್ಲಿನ ಗುಂಡಿಯನ್ನೊತ್ತಿ ಪದಗಳನ್ನಾರಿಸುವರು. ಯಂತ್ರವು ಆ ವಾಕ್ಯವನ್ನು ನುಡಿಯುವದು. ಮೊದಲು ನಿಮಿಷಕ್ಕೆ ಸುಮಾರು 15 ಪದಗಳು ಸಾಧ್ಯವಾದವು. ಕೈಬೆರಳುಗಳೂ ಸೋತ ಮೇಲೆ ಕೆನ್ನೆಯ ಅಲುಗಾಟವನ್ನು ಕನ್ನಡಕಕ್ಕೆ ಜೋಡಿಸಿದ ಉಪಕರಣವೊಂದು ಗ್ರಹಿಸುತ್ತಿತ್ತು. ಆಗ ವೇಗವು ಬಹಳವಾಗಿ ಇಳಿಯಿತು.

ಇಂಟೆಲ್ ಸಂಸ್ಥೆಯ ಲಾಮಾ ನಖ್ಮನ್ ಎಂಬ ಮಹಿಳೆಯ ಮುಂದಾಳುತನದಲ್ಲಿ ಹೊಸ ವ್ಯವಸ್ಥೆಯೊಂದು ಸಿದ್ಧವಾಗಿ 2014ರಲ್ಲಿ ಪ್ರಕಟವಾಯಿತು. ಕಣ್ಣಿನ ನೋಟವನ್ನು ಹಿಂಬಾಲಿಸುವ ಉಪಾಯವನ್ನು ಪರೀಕ್ಷಿಸಿದರು. ಹಾಕಿಂಗರ ರೆಪ್ಪೆಗಳು ಜೋಲುತ್ತಿದ್ದುದರಿಂದ ಅದು ಒಗ್ಗಲಿಲ್ಲ. ಆದಕಾರಣ ಅವರಿಗೆ ಪಳಗಿದ್ದ ಕೆನ್ನೆಯ ಸನ್ನೆಯನ್ನೇ ಉಳಿಸಿದರು. ಯಂತ್ರವು ಅವರ ಬರಹಗಳಿಂದ ಪಾಠ ಕಲಿತು ಮುಂದಿನ ಪದವನ್ನು ಊಹಿಸುತ್ತಿತ್ತು. 'ಕಪ್ಪು' ಎಂಬದನ್ನಾರಿಸಿದೊಡನೆ 'ರಂಧ್ರ' ಎಂಬರ್ಥದ ಪದವನ್ನು ಮುಂದಿಡುವದು. ಆದರೂ ಕೆನ್ನೆ ಅಲುಗುವ ತನಕ ಅದು ಕೇವಲ ಸೂಚನೆ. ಹಳೆಯ ಯಂತ್ರಧ್ವನಿಯನ್ನು ಬದಲಿಸಲು ಅವಕಾಶವಿದ್ದರೂ ಅವರು ಬಿಡಲಿಲ್ಲ. ಅದೇ ತಮ್ಮ ಧ್ವನಿಯೆಂದು ಎಣಿಸಿದ್ದರು. ಈ ವ್ಯವಸ್ಥೆಯನ್ನು 2015ರಲ್ಲಿ ಎಲ್ಲರ ಉಪಯೋಗಕ್ಕಾಗಿ ಬೆಲೆಯಿಲ್ಲದೆ ಬಿಟ್ಟುಕೊಟ್ಟರು.

ಇದರಿಂದ ನಾವು ಕಲಿಯುವದೇನು? ಯಂತ್ರವು ಊಹಿಸಲಿ, ಮನುಷ್ಯನು ನಿಶ್ಚಯಿಸಲಿ. ಇದೇ ಇವರಿಬ್ಬರ ಸಹಕಾರದ ಮರ್ಮ. ಯಂತ್ರದ ಊಹೆಯು ನಿನ್ನೆಯ ಮಾತುಗಳಿಂದ ಹುಟ್ಟುತ್ತದೆ. ಮನುಷ್ಯನಾದರೋ ಇಂದು ಹೊಸದನ್ನು ನುಡಿಯಬಹುದು. ಈಗ ನಮ್ಮ ಕೈಯ ಮೊಬೈಲು ಸಹ ಕನ್ನಡದ ಮುಂದಿನ ಪದವನ್ನು ಸೂಚಿಸುತ್ತದೆ. ಸಿದ್ಧಪದವು ಸುಲಭವೆಂದು ಒಪ್ಪಿ ನಮ್ಮ ಅಭಿಪ್ರಾಯವನ್ನು ಬಿಟ್ಟುಕೊಡಬಾರದು.

ಎರಡನೆಯದಾಗಿ, ಕೇಳುವವರಿಗೂ ಕರ್ತವ್ಯವುಂಟು. ಪಾರ್ಶ್ವವಾಯುವಿನಿಂದ ಮಾತು ತೊದಲುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅವರು ಒಂದು ಪದಕ್ಕಾಗಿ ಹೆಣಗುವಾಗ ನಾವು ಪ್ರೀತಿಯಿಂದಲೇ ವಾಕ್ಯವನ್ನು ಮುಗಿಸಿಬಿಡುತ್ತೇವೆ. ಅನ್ನ ಕೇಳಿದರೋ ನೀರು ಕೇಳಿದರೋ ವಿಚಾರಿಸುವದಿಲ್ಲ. ನಂಟರು ಮಾಡಿದ್ದೂ ಇದೇ. ಊಹಿಸಿದ್ದನ್ನು ಅವರ ಮುಂದಿಟ್ಟು, ಹೌದೋ ಅಲ್ಲವೋ ಎಂದು ಕೇಳಿ, ಉತ್ತರ ಬರುವ ತನಕ ಕಾಯೋಣ. ಪ್ರಿಯ ಸಹೋದರಿಯರೇ, ಈ ತಾಳ್ಮೆಯನ್ನು ಯಾವ ಯಂತ್ರವೂ ನಮಗೆ ಬದಲಾಗಿ ತೋರಿಸಲಾರದು.