ಕೂಡಿಡಲು ಯಾವ ವೈನ್ ಕೊಳ್ಳಲಿ?

ಪ್ರಶ್ನೆ: ನಾನು ಕೊಳ್ಳೇಗಾಲದವನು. ನಂದಿಬೆಟ್ಟದ ದ್ರಾಕ್ಷಿತೋಟ ನೋಡಲು ಹೊರಟಿದ್ದೇನೆ. ಕೆಲವು ವರ್ಷ ಇಡುವಂಥ, ಕೈಗೆಟಕುವ ವೈನ್ ಯಾವುದು?

ಉತ್ತರ: ಕೊಯ್ಲು ನಡೆಯುವ ಫೆಬ್ರವರಿ–ಮಾರ್ಚ್‌ನಲ್ಲಿ, ಮೊದಲೇ ಫೋನ್ ಮಾಡಿ ಹೋಗಿ. ಬಹುತೇಕ ವೈನ್ ಬೇಗನೆ ಕುಡಿಯಲೆಂದು ಮಾಡಿದ್ದು; ಬಿಳಿ, ಗುಲಾಬಿ ವೈನ್‌ಗಳನ್ನು ಕೂಡಿಡಬೇಡಿ. ಇಡುವುದಾದರೆ ಓಕ್ ಪೀಪಾಯಿಯಲ್ಲಿ ಮಾಗಿದ ಕೆಂಪು ವೈನ್ ಆರಿಸಿ. ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ದ್ರಾಕ್ಷಿತೋಟದ 'ಲಾ ರಿಸರ್ವ್' ಕೆಂಪು, ಕ್ಯಾಬರ್ನೆ ಸುವಿನ್ಯೋಂ ಮತ್ತು ಶಿರಾಜ್ ದ್ರಾಕ್ಷಿಗಳ ಬೆರಕೆ, ಒಳ್ಳೆಯ ಆರಂಭ.

ಬೆಲೆಗಿಂತ ನಾಲಿಗೆಯನ್ನು ನಂಬಿ. ಒಂದು ಗುಟುಕು ಬಾಯಲ್ಲಿ ಆಡಿಸಿ. ಎಳೆ ಅಡಿಕೆ ಅಗಿದಂತೆ ವಸಡು ಹಿಡಿಯುವ ಒಗರು, ಜೊಲ್ಲೂರಿಸುವ ಹುಳಿ, ತುಂಬಿದ ಹಣ್ಣಿನ ರುಚಿ ಮೂರೂ ಇದ್ದರೆ ಅದು ತಾಳುತ್ತದೆ. ಬರೀ ಒಗರಿದ್ದರೆ ಕಾದರೂ ಹಣ್ಣಿನ ರುಚಿ ಬರದು.

ಒಂದೇ ವರ್ಷದ ಮೂರು ಬಾಟಲಿ ಕೊಳ್ಳಿ. ಒಂದನ್ನು ಈಗಲೇ, ಉಳಿದವನ್ನು ಎರಡೆರಡು ವರ್ಷ ಬಿಟ್ಟು ತೆರೆಯಿರಿ.

ನಮ್ಮ ಸೀಮೆಯ ಬೇಸಿಗೆಯೇ ವೈನಿಗೆ ಶತ್ರು. ಅಟ್ಟ, ಅಡುಗೆಮನೆ ಬೇಡ. 12ರಿಂದ 15 ಡಿಗ್ರಿಯ ವೈನ್ ಕೂಲರ್‌ನಲ್ಲಿ, ಬಿರಡೆ ಒಣಗದಂತೆ ಮಲಗಿಸಿಡಿ. ಆ ಅನುಕೂಲ ಇಲ್ಲದಿದ್ದರೆ ಕೂಡಿಡದೆ ಬೇಗ ಕುಡಿದುಬಿಡಿ. ವಾಪಸು ಬರುವಾಗ ಬಾಟಲಿಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ; ಕಾರು ಓಡಿಸುವವರು ರುಚಿ ನೋಡುವುದೂ ಬೇಡ.