ವ್ಯಾಟ್ ಒಂದನ್ನೇ ನೋಡಿ ಸೋಲ್ಡರಿಂಗ್ ಐರನ್ ಕೊಳ್ಳಬೇಡಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ, ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಾಗಲಿ, ಮೊದಲು ಎದುರಾಗುವ ಪ್ರಶ್ನೆ ‘ಎಷ್ಟು ವ್ಯಾಟ್ ಬೇಕು?’ ‘ದೊಡ್ಡದೇ ಇರಲಿ’ ಅಂದುಬಿಟ್ಟರೆ ಕೆಟ್ಟಿತು.

ಏನನ್ನು ರಿಪೇರಿ ಮಾಡುತ್ತೀರಿ ಎಂಬುದನ್ನು ಮನೆಯಲ್ಲೇ ನಿರ್ಧರಿಸಿಕೊಂಡು ಹೊರಡಿ. ರಿಮೋಟ್, ರೇಡಿಯೊ, ಎಲ್‌ಇಡಿ ಬಲ್ಬಿನಂಥ ಸಣ್ಣ ಬೋರ್ಡುಗಳಿಗೆ 25 ವ್ಯಾಟ್ ಸಾಕು. ದಪ್ಪ ವೈರು, ಸ್ಪೀಕರ್ ಟರ್ಮಿನಲ್ಲುಗಳಿಗೆ 60 ಬೇಕು. ಮಾಮೂಲಿ 60/40 ಸೋಲ್ಡರ್ ತಂತಿ ಸುಮಾರು 190 ಡಿಗ್ರಿಗೇ ಪೂರ್ತಿ ಕರಗುತ್ತದೆ. ಸೀಸವಿಲ್ಲದ್ದಕ್ಕೆ 220ರ ಆಸುಪಾಸು ಬೇಕು. ಅಷ್ಟು ಬಿಸಿಯನ್ನು ಯಾವ ಐರನ್ನಾದರೂ ಮುಟ್ಟುತ್ತದೆ. ಆದರೆ ದಪ್ಪ ತಾಮ್ರಕ್ಕೆ ತಾಗಿದೊಡನೆ ತುದಿಯ ಶಾಖವೆಲ್ಲ ಅದಕ್ಕೆ ಇಳಿದುಹೋಗುತ್ತದೆ. ಅದನ್ನು ಬೇಗ ತುಂಬಿಕೊಡುವುದೇ ವ್ಯಾಟಿನ ಕೆಲಸ. ಹಾಗಂತ ನಿಯಂತ್ರಣವಿಲ್ಲದ 60 ವ್ಯಾಟಿನದನ್ನು ಸಣ್ಣ ಬೋರ್ಡಿನ ಮೇಲೆ ಊರಿದರೆ ತಾಮ್ರದ ಗೆರೆಯೇ ಎದ್ದು ಬರುತ್ತದೆ.

ತಿಂಗಳಿಗೆ ಎರಡು ಸಲವಾದರೂ ಕೈಗೆತ್ತಿಕೊಳ್ಳುವವರು ಉಷ್ಣತೆ ಹೊಂದಿಸುವ ಸೌಲಭ್ಯವಿರುವ 60 ವ್ಯಾಟಿನದನ್ನೇ ಕೊಳ್ಳುವುದು ವಾಸಿ. 350ಕ್ಕೆ ಇಟ್ಟರೆ ಮನೆಯ ಬಹುಪಾಲು ಕೆಲಸ ಮುಗಿಯುತ್ತದೆ.

ಈಗ ಬಿಟ್. ಸೂಜಿಯಂಥ ತುದಿ ಎಲ್ಲರಿಗೂ ಚೆಂದ ಕಾಣುತ್ತದೆ, ನಾನೂ ಮೊದಲು ತಂದದ್ದು ಅದನ್ನೇ. ತುದಿ ಬಿಂದುವಿನಷ್ಟು ತಾಗಿದರೆ ಶಾಖ ಹರಿಯುವುದೆಲ್ಲಿಂದ? 2 ಮಿ.ಮೀ. ಅಗಲದ, ಉಳಿಯಾಕಾರದ ಬಿಟ್ ಆರಿಸಿ. ಜೇಬಿನಲ್ಲಿ ಪುಟ್ಟ ಅಯಸ್ಕಾಂತವಿರಲಿ. ಕಬ್ಬಿಣದ ಲೇಪವಿರುವ ಬಿಟ್ಟಿಗೆ ಅದು ಅಂಟುತ್ತದೆ, ಬರೀ ತಾಮ್ರಕ್ಕೆ ಅಂಟದು. ಲೇಪವಿರುವುದು ಹೆಚ್ಚು ಬಾಳುತ್ತದೆ, ಆದರೆ ಅದಕ್ಕೆ ಅರ ಹಾಕಬಾರದು. ಅದೇ ಅಳತೆಯ ಬಿಡಿ ಬಿಟ್ ಸಿಗುತ್ತದೆಯೇ ಎಂದೂ ಕೇಳಿ. ಸಿಗದಿದ್ದರೆ ಆ ಐರನ್ ಬೇಡ.

ಪ್ಲಗ್ ಮೂರು ಪಿನ್ನಿನದ್ದಾಗಿರಲಿ. ಐರನ್ ತಣ್ಣಗಿರುವಾಗ, ಕರೆಂಟಿಗೆ ಸಿಕ್ಕಿಸದೆ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ದಪ್ಪ ಪಿನ್ನಿಗೂ ಇನ್ನೊಂದನ್ನು ಬಿಟ್ಟಿಗೂ ಹಿಡಿಯಿರಿ. ಕೆಲವೇ ಓಮ್ ತೋರಿಸಿದರೆ ಅರ್ಥ್ ಸರಿಯಿದೆ. ಏನೂ ತೋರಿಸದಿದ್ದರೆ ವಾಪಸ್ ಕೊಡಿ. ಸೋರುವ ಕರೆಂಟು ಚಿಪ್ಪನ್ನು ಸುಡಬಲ್ಲದು, ನಿಮ್ಮ ಕೈಗೂ ಜುಮ್ಮೆನಿಸೀತು.

ಮನೆಗೆ ತಂದು ಮೊದಲ ಸಲ ಕಾಯಿಸುವಾಗ ತುಸು ಹೊಗೆ ಬಂದರೆ ಗಾಬರಿ ಬೇಡ. ಒಳಗೆ ರಾಳವಿರುವ 0.8 ಮಿ.ಮೀ. ತಂತಿಯನ್ನು ಬಿಟ್ಟಿಗೆ ಒತ್ತಿ ಹಿಡಿದಿರಿ. ಅದು ಕರಗಿ ತುದಿಯನ್ನೆಲ್ಲ ಬೆಳ್ಳಗೆ ಆವರಿಸಬೇಕು. ಕೆಲಸ ಮುಗಿಸಿ ಸ್ವಿಚ್ ಆರಿಸುವ ಮುಂಚೆಯೂ ಹೀಗೇ ಒಂದು ಪದರ ಬಳಿದಿಡಿ, ತುದಿ ಕಪ್ಪಾಗುವುದಿಲ್ಲ.