ಸುಗ್ಗಿಗೆ ಮೊದಲೇ ಇಲಿಯ ದಾರಿ ಮುಚ್ಚಿ

ಶಿಕಾರಿಪುರದ ಕಡೆ ಮೆಕ್ಕೆಜೋಳ ಮುರಿದು ಮುಗಿಯುವ ಹೊತ್ತಿಗೆ ಸೊರಬದ ಗದ್ದೆಗಳಲ್ಲಿ ಭತ್ತದ ಕೊಯ್ಲು ಶುರುವಾಗುತ್ತದೆ. ಹೊಲ ಬಯಲಾಯಿತೆಂದರೆ ಅಲ್ಲಿದ್ದ ಇಲಿಗೆ ತಿನ್ನಲು ಕಾಳಿಲ್ಲ, ಅಡಗಲು ಮರೆಯಿಲ್ಲ. ಅದು ಹುಲ್ಲಿನ ಬಣವೆಗೆ, ಕೊಟ್ಟಿಗೆಗೆ, ಅಲ್ಲಿಂದ ಅಟ್ಟಕ್ಕೆ ಬರುತ್ತದೆ. ಹೆಚ್ಚಿನವರು ಪೇಟೆಗೆ ಹೋಗಿ ಪಾಷಾಣ ತರುವುದು ಆಗಲೇ. ಆದರೆ ಇಲಿ ಗಬ್ಬವಾಗಿ ಮೂರು ವಾರಕ್ಕೆ ಈಯುತ್ತದೆ, ಒಂದು ಸೂಲಿಗೆ ಐದಾರು ಮರಿ. ಆ ಮರಿಗಳೂ ಎರಡು ಮೂರು ತಿಂಗಳಲ್ಲಿ ಈಯಲು ಸಿದ್ಧ. ನಾಲ್ಕು ಸತ್ತರೆ ಅದೇ ಕಿಂಡಿಯಿಂದ ಮತ್ತೆ ನಾಲ್ಕು ಬರುತ್ತವೆ. ಆದ್ದರಿಂದ ಕಿಂಡಿ ಮುಚ್ಚುವ ಕೆಲಸ ಮೊದಲು, ಅದೂ ಭೂಮಿ ಹುಣ್ಣಿಮೆಯೊಳಗೆ ಮುಗಿಯಬೇಕು.

ನಮ್ಮ ಹಂಚಿನ ಮನೆಗಳಿಗೆ ಇಲಿ ಬಾಗಿಲಿಂದ ಬರುವುದಕ್ಕಿಂತ ಮೇಲಿಂದ ಬರುವುದೇ ಹೆಚ್ಚು. ಗೋಡೆಯ ತುದಿಗೂ ಹಂಚಿಗೂ ನಡುವೆ, ಪಕಾಸುಗಳ ಎಡೆಯಲ್ಲಿ ಉಳಿಯುವ ಸಂದು ಅದರ ಹೆದ್ದಾರಿ. ಸಣ್ಣ ಇಲಿಗೆ 6 ಮಿಲಿಮೀಟರ್ ಸಂದು ಸಾಕು, ದೊಡ್ಡದಕ್ಕೆ ಅರ್ಧ ಇಂಚು. ಹಗಲಲ್ಲಿ ಅಟ್ಟ ಹತ್ತಿ ಒಳಗಿನ ಬೆಳಕು ಆರಿಸಿ ನೋಡಿ; ಎಲ್ಲೆಲ್ಲಿ ಹೊರಗಿನ ಬೆಳಕು ಕಾಣುತ್ತದೋ ಅಲ್ಲೆಲ್ಲ ಕೆಲಸವಿದೆ. ಎಣ್ಣೆ ಸವರಿದಂಥ ಕಪ್ಪು ಗೀರು ಇದ್ದರೆ ಅದು ಇಲಿಯ ಮೈ ಉಜ್ಜಿ ಆದದ್ದು, ನಿತ್ಯ ಓಡಾಡುವ ದಾರಿ. ಅಲ್ಲಿಗೆ ಕಾಲಿಂಚಿಗಿಂತ ದೊಡ್ಡ ಕಣ್ಣಿಲ್ಲದ ಕಬ್ಬಿಣದ ಜಾಲರಿ ಮಡಿಸಿ ತುರುಕಿ, ಸಿಮೆಂಟ್ ಹಾಕಿ. ಪ್ಲಾಸ್ಟಿಕ್ ಬಲೆ, ಬಟ್ಟೆ, ಮರದ ಚಕ್ಕೆ ಉಪಯೋಗವಿಲ್ಲ. ಅದರ ಹಲ್ಲು ಜೀವಮಾನವಿಡೀ ಬೆಳೆಯುತ್ತಿರುತ್ತದೆ, ಕಡಿಯದೆ ಬಿಡುವುದಿಲ್ಲ. ಬಚ್ಚಲ ಕೊಳವೆಯ ಬಾಯಿಗೂ ಜಾಲರಿ ಬೇಕು. ಬಾಗಿಲ ಅಡಿಗೆ ತಗಡಿನ ಪಟ್ಟಿ ಹೊಡೆಯಿರಿ. ಹಂಚಿಗೆ ತಾಗುವ ಕೊಂಬೆ ಕಡಿಯಿರಿ. ಮನೆಗೆ ಒತ್ತಿ ನಿಂತ ತೆಂಗಿನ ಕಾಂಡಕ್ಕೆ ಆಳೆತ್ತರದಲ್ಲಿ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿದರೆ ಇಲಿ ಹತ್ತಲಾರದು.

ಗೋಡೆಯ ಬುಡದ ಬಿಲಗಳನ್ನು ಸಂಜೆ ಮಣ್ಣು ಹಾಕಿ ಮುಚ್ಚಿ. ಬೆಳಿಗ್ಗೆ ತೆರೆದಿರುವುದರಲ್ಲಿ ಜೀವವಿದೆ. ಮೊದಲು ಅದರಲ್ಲಿರುವುದನ್ನು ಹಿಡಿದು, ಆಮೇಲೆ ಗಾಜಿನ ಚೂರು ಬೆರೆಸಿದ ಸಿಮೆಂಟ್‌ನಿಂದ ಮುಚ್ಚಿ.

ಭತ್ತ, ಜೋಳದ ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸಬೇಡಿ. ಸುತ್ತ ಒಂದೂವರೆ ಅಡಿ ಬಿಟ್ಟರೆ ಹಿಕ್ಕೆ ಕಣ್ಣಿಗೆ ಬೀಳುತ್ತದೆ, ಗುಡಿಸಲೂ ಆಗುತ್ತದೆ. ಹಳೆಯ ಮರದ ಪಣತ ಇರುವವರು ಅದರ ಮೂಲೆಗಳನ್ನು ಒಳಗಿನಿಂದ ತಗಡು ಬಡಿದು ಭದ್ರಪಡಿಸಬಹುದು. ಬೀಜದ ಕಾಳು ಮಾತ್ರ ತಗಡಿನ ಡ್ರಮ್ಮಿನಲ್ಲೇ ಇರಲಿ. ಬಣವೆ ಮನೆಯಿಂದ ದೂರವಿದ್ದಷ್ಟೂ ಒಳ್ಳೆಯದು.

ಒಳಗೆ ಉಳಿದವುಗಳಿಗೆ ಬೋನೇ ಸರಿ. ಸುಟ್ಟ ಕೊಬ್ಬರಿ ಅಥವಾ ಒಣಮೀನು ಇಟ್ಟು, ಗೋಡೆಗುಂಟ, ಬಾಯಿ ದಾರಿಗೆ ಸಿಗುವಂತೆ ಇಡಿ. ದೊಡ್ಡ ಇಲಿ ಹೊಸ ವಸ್ತುವಿಗೆ ಹೆದರುತ್ತದೆ. ಎರಡು ಮೂರು ರಾತ್ರಿ ಬೋನು ಹೂಡದೆ ಬರೀ ತಿಂಡಿ ಇಟ್ಟು ರೂಢಿ ಮಾಡಿಸಿ. ಸಣ್ಣ ಇಲಿಗೆ ಆ ಅಂಜಿಕೆ ಇಲ್ಲ. ಅದು ದೂರ ಹೋಗುವುದಿಲ್ಲವಾದ್ದರಿಂದ ಆರೆಂಟು ಅಡಿಗೊಂದರಂತೆ ಹೆಚ್ಚು ಬೋನು ಬೇಕು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿ. ಹಿಕ್ಕೆಯ ಮೇಲೆ ಬ್ಲೀಚಿಂಗ್ ಪುಡಿಯ ನೀರು ಚಿಮುಕಿಸಿ ಒರೆಸಿ. ಒಣಗಿದ್ದನ್ನು ಗುಡಿಸಿದರೆ ಧೂಳು ಮೂಗಿಗೆ ಹೋಗುತ್ತದೆ.

ಇಲಿ ಜ್ವರದ ಬಗ್ಗೆ ಉದಾಸೀನ ಬೇಡ. ಇಲಿಯ ಮೂತ್ರ ಸೇರಿದ ನೀರು, ಕೆಸರು ಗಾಯದ ಕಾಲಿಗೆ ತಾಗಿದರೂ ಬರುತ್ತದೆ. ನಾಟಿ ಮಾಡಿದವರಿಗೆ, ಕೊಟ್ಟಿಗೆ ತೊಳೆದವರಿಗೆ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ಹೇಳಿ. ಇನ್ನೊಂದು ಮಾತು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ಮರಿಯಾಗಿದ್ದಾಗ ಕಾಡಿಲಿಗಳ ಮೈಮೇಲೂ ಬೆಳೆಯುತ್ತದೆ. ಕೊಟ್ಟಿಗೆಗೆಂದು ಕಾಡಿನಿಂದ ತಂದ ತರಗೆಲೆಯನ್ನು ಮನೆಯ ಗೋಡೆಗೆ ಒಟ್ಟಬೇಡಿ: ಉಣುಗೂ ಬರುತ್ತದೆ, ಇಲಿಗೂ ಮರೆಯಾಗುತ್ತದೆ.

ವಿಷ ಕೊನೆಯ ಮಾತು. ಜಿಂಕ್ ಫಾಸ್ಫೈಡ್ ಗದ್ದೆಯ ಬಿಲಕ್ಕೆ ಸೇರಿದ್ದು, ಮನೆಯೊಳಗೆ ಸಲ್ಲದು. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಲಗುವ ಮನೆಯಲ್ಲಿ ಇಡಲೇಬಾರದು, ಅದರ ಗಾಳಿಯೇ ಕೊಲ್ಲುತ್ತದೆ. ಹಳದಿ ರಂಜಕದ ಪೇಸ್ಟ್ ಯಕೃತ್ತನ್ನೇ ಸುಡುತ್ತದೆ. ಈ ಮೂರಕ್ಕೂ ಪ್ರತಿವಿಷವಿಲ್ಲ. ಇಡಲೇಬೇಕಾದರೆ 0.005 ಶೇಕಡಾ ಬ್ರೋಮಾಡಿಯೋಲೋನ್ ಬಿಲ್ಲೆಯನ್ನು, ಮಕ್ಕಳ ಮತ್ತು ನಾಯಿ–ಬೆಕ್ಕಿನ ಬಾಯಿಗೆ ಸಿಗದ ಹಾಗೆ ಕೊಳವೆಯೊಳಗೆ ಇಡಿ. ಇಲಿ ಸಾಯಲು ನಾಲ್ಕೈದು ದಿನವಾದರೂ ಬೇಕು. ವಿಷ ತಿಂದ ಇಲಿಯನ್ನು ನುಂಗಿ ಗೂಬೆ, ಬೆಕ್ಕು ಸಾಯುತ್ತವೆ, ಆದ್ದರಿಂದ ಹೆಣಗಳನ್ನು ದಿನವೂ ಹುಡುಕಿ ಹೂಳಬೇಕು. ಕೇರೆ ಹಾವನ್ನಂತೂ ಹೊಡೆಯಬೇಡಿ. ತೋಟದಲ್ಲಿ ನಿಮ್ಮ ಕೆಲಸವನ್ನು ಅದೇ ಮಾಡುತ್ತಿದೆ.

ಮಗು ಯಾವುದೇ ಇಲಿ ಪಾಷಾಣ ಬಾಯಿಗೆ ಹಾಕಿಕೊಂಡರೆ ಮನೆಮದ್ದು ಮಾಡಬೇಡಿ, ಲಕ್ಷಣ ಕಾಣಲೆಂದು ಕಾಯಬೇಡಿ. ಪೊಟ್ಟಣ ಸಮೇತ ತಾಲ್ಲೂಕು ಆಸ್ಪತ್ರೆಗೆ ಓಡಿ. ಬ್ರೋಮಾಡಿಯೋಲೋನ್‌ಗೆ ವಿಟಮಿನ್ ಕೆ1 ಪ್ರತಿವಿಷವಿದೆ. ಯಾವ ವಿಷವೆಂದು ವೈದ್ಯರಿಗೆ ಬೇಗ ತಿಳಿದಷ್ಟೂ ಒಳ್ಳೆಯದು.